ಇನಿ, ಎಲ್ಲೆ

ರಿಜಿಸ್ಟರಿನ ಏಳನೇ ಕಾಲಮ್ಮಿನಲ್ಲಿ
ಮಗುವಿಗೆ ಎಷ್ಟು ಮಾತು ಬರುತ್ತದೆ, ಬರೆಯಬೇಕು.
ಮಲಯಾಳದಲ್ಲಿ ಅಚ್ಚಾದ ಪ್ರಶ್ನೆ.
ಕನ್ನಡದಲ್ಲಿ ಓದಿಕೊಂಡು
ಜಶ್ವಿತನ ಹೆಸರಿನೆದುರು ಪೆನ್ನು ಹಿಡಿದು ಕೂತಿದ್ದೇನೆ.
ತೂಕ ಹನ್ನೊಂದೂ ಮುಕ್ಕಾಲು. ಅದು ಸುಲಭ.

ಜೂನಿನಲ್ಲಿ ಮೂಸೋಡಿಯ ಈ ಅಂಗನವಾಡಿಗೆ ಬಂದಾಗ
ಅವನ ಬಳಿ ಇದ್ದದ್ದು ಒಂದೇ ಮಾತು, ಮೀನ್.
ತುಳು, ಮಲಯಾಳ, ಕನ್ನಡ
ಜಗಳವಿಲ್ಲದೆ ಒಪ್ಪಿಕೊಂಡ ಮಾತು.
ಚಮಚ ಮೀನ್, ನನ್ನ ಕನ್ನಡಕ ಮೀನ್,
ಉಪ್ಪಳದ ಕಡೆ ಓಡುವ ರೈಲಿನ ಕಿಟಕಿಸಾಲು ಪೂರಾ ಮೀನ್.
ತಪ್ಪು ಎನ್ನಲು ಬಾಯಿ ತೆರೆದವಳು
ಮುಚ್ಚಿಕೊಂಡೆ:
ಹೊಳೆದು ಜಾರಿಹೋಗುವುದರಲ್ಲಿ ಯಾವುದು ಮೀನಲ್ಲ?

ಅವನಮ್ಮ ಐಸ್ ಪ್ಲಾಂಟಿಗೆ ಹೊರಟರೆ
ಪ್ರತಿದಿನವೂ ಅದು ಕೊನೆಯ ದಿನ.
ಗೇಟಿನ ಸರಳು ಹಿಡಿದು ಅಳುತ್ತಿದ್ದ,
ಬೆಳಿಗ್ಗೆ ಹೋದವಳು ಸಂಜೆ ಬಂದದ್ದನ್ನು
ನೂರು ಸಲ ಕಂಡೂ.
ಕಂಡದ್ದನ್ನು ಕಟ್ಟಿಡಲು ಹಗ್ಗವಿಲ್ಲ ಇವನಿಗೆ, ಅಂದುಕೊಂಡೆ.

ಹಾಗಂದುಕೊಂಡ ವಾರವೇ
ತೂಕದ ಯಂತ್ರದ ಹಿಂದೆ ಬೆಲ್ಲದ ಚೂರು ಸಿಕ್ಕಿತು,
ಇರುವೆ ಮುತ್ತಿದ್ದು.
ಮರುದಿನ ಬಂದವನು ನೇರ ಅಲ್ಲಿಗೇ ಹೋಗಿ ಬಗ್ಗಿದ.
ಇಟ್ಟವನು ಅವನೇ.
ಮಾತಿಲ್ಲದ ತಲೆಯಲ್ಲಿ ನಾಳೆ ಎಲ್ಲಿ ಕೂತಿತ್ತು?
ಬೆಲ್ಲದಷ್ಟೇ ಇತ್ತೆ?
ಅಮ್ಮನಷ್ಟು ದೊಡ್ಡದಾಗಲು ಹೆಸರು ಬೇಕಿತ್ತೆ?
ಟ್ರೈನಿಂಗಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.
ಚಹಾ ಕೊಟ್ಟಿದ್ದರು.

ಮೊನ್ನೆ ಪಂಕಜೇಚ್ಚಿ ಉಪ್ಪುಮಾವಿನ ಪಾತ್ರೆ ಹಿಡಿದು
ಸಾಲಿನುದ್ದ ಬರುತ್ತಿದ್ದಳು:
"ಇನಿ ವೇಣೋ? ಇನಿ ವೇಣೋ?"
ಅವಳ ಮಲಯಾಳದಲ್ಲಿ ಇನಿ ಅಂದರೆ ಇನ್ನೂ, ಇನ್ನುಮುಂದೆ.
ಅವನ ಮನೆಯ ತುಳುವಿನಲ್ಲಿ ಇನಿ ಅಂದರೆ ಇವತ್ತು.
ತಟ್ಟೆಗೆ ಅಂಗೈ ಮುಚ್ಚಿ ಹುಡುಗ ಹೇಳಿದ:
"ಇನಿ ಬೊಡ್ಚಿ. ಎಲ್ಲೆ ಬೋಡು."
ಇವತ್ತು ಬೇಡ, ನಾಳೆ ಬೇಕು.
ಸೌಟು ಗಾಳಿಯಲ್ಲೇ ನಿಂತಿತು. ಪಂಕಜೇಚ್ಚಿ ನಕ್ಕಳು.

ಹಳಗನ್ನಡ ಓದಿದ ನನಗೆ ಮಾತ್ರ
ಇನಿ ಅಂದರೆ ಸಿಹಿ,
ಎಲ್ಲೆ ಅಂದರೆ ಗಡಿ, ತಲಪಾಡಿಯ ಚೆಕ್‌ಪೋಸ್ಟು,
ಒಬ್ಬರ ಗದ್ದೆ ಮುಗಿದು ಇನ್ನೊಬ್ಬರದು ತೊಡಗುವ ಕಲ್ಲು.
ತಪ್ಪಾಗಿ ಕೇಳಿಸಿಕೊಂಡದ್ದರ ಒಳಗಿಂದ
ಸರಿಯಾದ ವಾಕ್ಯವೊಂದು ಎದ್ದು ಬಂದಿತ್ತು,
ಅವನ ಮೊದಲನೆಯದು.

ಆಮೇಲೆ ಗೇಟಿನಲ್ಲಿ ಅಳು ಕಡಿಮೆ.
ಇಲ್ಲವೆಂದಲ್ಲ. ಅಳುತ್ತಲೇ ಎಲ್ಲೆ, ಎಲ್ಲೆ ಎಂದು
ತನಗೆ ತಾನೇ ಹೇಳಿಕೊಳ್ಳುತ್ತಾನೆ,
ಬೇರೆ ಯಾರದೋ ಮಗುವನ್ನು ಸಮಾಧಾನ ಮಾಡುವ ಹಾಗೆ.
ಮಾತಿನ ಹೊಟ್ಟೆ ದಿನಾ ಹಿಗ್ಗುತ್ತಿದೆ:
ಬೋಟಿಗೆ ಹೋದ ಅಪ್ಪ ಎಲ್ಲೆ,
ಕಡಲು ನುಂಗಿದ ದಾಮೋದರಣ್ಣನ ಗೂಡಂಗಡಿ ಎಲ್ಲೆ,
ಸತ್ತ ನಾಯಿಯೂ ಎಲ್ಲೆ.
ನಾನು ತಿದ್ದಲಿಲ್ಲ. ತಿದ್ದಬೇಕಿತ್ತೇನೋ.

ನಾನು ಲೆಕ್ಕ ಹಾಕುವುದು ಕನ್ನಡದಲ್ಲಿ,
ಬೈಯುವುದು ತುಳುವಿನಲ್ಲಿ,
ಸಂಬಳದ ಫಾರ್ಮು ತುಂಬುವುದು ಮಲಯಾಳದಲ್ಲಿ.
ನನ್ನ ಬೆಲ್ಲ ಅಡಗಿಸಿಟ್ಟ ಜಾಗ ಯಾವ ಭಾಷೆಯದೋ
ಈ ವಯಸ್ಸಿನಲ್ಲೂ ತಿಳಿಯದು.

ನಿನ್ನೆ ಕೇಳಿದ: "ಎಲ್ಲೆ ಓಲು ಉಂಡು?"
ನಾಳೆ ಇರುವುದು ಎಲ್ಲಿ.
ಯೋಚಿಸುವ ಮೊದಲೇ ನನ್ನ ಬೆರಳು ಎದ್ದು
ಗೇಟನ್ನು ತೋರಿಸಿಬಿಟ್ಟಿತು.
ಅವನು ಹೋಗಿ, ಸರಳುಗಳ ನಡುವೆ ಮುಖವಿಟ್ಟು
ನೋಡುತ್ತ ನಿಂತ, ಸುಮಾರು ಹೊತ್ತು.
ರೈಲು ಬಂತು, ಹೋಯಿತು.
ಮೀನ್ ಅನ್ನಲಿಲ್ಲ.