ಕೈ ಕಟ್ಟಿ ಕೂತದ್ದು

ಅರಸೀಕೆರೆಯಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ.
ಸುಟ್ಟ ಬೋರ್‌ವೆಲ್ ಮೋಟಾರಿನ ಹೊಟ್ಟೆ ಬಗೆದು
ತಾಮ್ರದ ಕರುಳು ತೆಗೆದು ಹೊಸದು ಸುತ್ತುವವನು.
ಹೈಸ್ಕೂಲಿನ ರೋಬೋಟ್ ಮಕ್ಕಳಿಗೆ
ವೈಂಡಿಂಗ್ ಅಂಕಲ್ಲು.

ಹೋದ ವರ್ಷದ್ದು ಮೊದಲು ಹೇಳಿಬಿಡುತ್ತೇನೆ.
ಸ್ಪರ್ಧೆಯ ಹಿಂದಿನ ರಾತ್ರಿ, ಮಕ್ಕಳು ಮನೆಗೆ ಹೋದ ಮೇಲೆ
ಅವರ ಗಾಡಿಯ ಬೆಸುಗೆ ನೋಡಿದೆ: ಹಕ್ಕಿ ಹಿಕ್ಕೆ ಹಾಕಿದ ಹಾಗಿತ್ತು.
ತಡೆಯಲಾಗಲಿಲ್ಲ.
ಎಲ್ಲ ಬಿಚ್ಚಿ, ಬೆಳಗಿನ ಪ್ಯಾಸೆಂಜರ್ ಕೂಗುವಷ್ಟರಲ್ಲಿ
ತಂತಿಗಳನ್ನು ಜಡೆಯಂತೆ ಹೆಣೆದಿಟ್ಟೆ.
ಹಾಸನದಲ್ಲಿ ಗಾಡಿ ಗೆರೆ ತಪ್ಪದೆ ಓಡಿತು.
ತೀರ್ಪುಗಾರ್ತಿ ಬಗ್ಗಿ ಕೇಳಿದರು:
"ಈ ಕೆಂಪು ತಂತಿ ಇಲ್ಲಿ ಯಾಕಿದೆ, ಮರಿ?"
ಮೂರು ಮಕ್ಕಳೂ ನನ್ನ ಮುಖ ನೋಡಿದರು.
ನಾನು ಫ್ಯಾನು ನೋಡಿದೆ.
ಬಸ್ಸಿನಲ್ಲಿ ಬಹುಮಾನದ ಕಪ್
ತೊಡೆಯಿಂದ ತೊಡೆಗೆ ಹೋಗುತ್ತಿತ್ತು,
ಯಾರದೋ ಮಗುವಿನ ಹಾಗೆ.

ಸರಿ, ಇನ್ನು ಮುಟ್ಟುವುದೇ ಇಲ್ಲ ಎಂದುಕೊಂಡೆ.
ಜೂನ್‌ನಲ್ಲಿ ಬಾಗಿಲ ಬಳಿ ಟೀ ಕುಡಿಯುತ್ತ ನಿಂತೆ.
ಲೋಹಿತ್ ಬ್ಯಾಟರಿ ತಿರುಗುಮುರುಗು ಕೊಟ್ಟ.
ಹೊಗೆ. ಹೆಬ್ಬೆರಳ ತುದಿಯಲ್ಲಿ ಬೊಬ್ಬೆ.
"ನಿಮಗೆ ಗೊತ್ತಿತ್ತಲ್ವಾ ಅಂಕಲ್?" ಅಂದ, ಅಷ್ಟೆ.
ಗೊತ್ತಿತ್ತು.

ಮೋಟಾರಿನೊಳಗೆ ಒಂದು ಸಂದಿದೆ,
ನಿಂತ ಕಬ್ಬಿಣಕ್ಕೂ ತಿರುಗುವ ಕಬ್ಬಿಣಕ್ಕೂ ನಡುವೆ,
ಕೂದಲೆಳೆಯಷ್ಟು.
ತಾಗಿದರೆ ಉಜ್ಜಿ ಸುಡುತ್ತದೆ,
ಅಗಲವಾದರೆ ಎಳೆತವೇ ಇಲ್ಲ, ಬರೀ ಗುಂಯ್ ಅನ್ನುತ್ತದೆ.
ಮೂವತ್ತು ವರ್ಷ ಅದನ್ನು ಬೆರಳಲ್ಲೇ ಅಳೆದಿದ್ದೇನೆ.
ಮಕ್ಕಳ ಮೇಜಿನ ಪಕ್ಕ ಮಾತ್ರ
ಸ್ಟೂಲು ಎಲ್ಲಿ ಹಾಕಬೇಕೆಂದು ಇವತ್ತಿಗೂ ತಿಳಿಯದು.

ಈ ವರ್ಷದ್ದು ತೆಂಗಿನಕಾಯಿ ಬಡಿದು ನೋಡುವ ಯಂತ್ರ.
ಮರದ ಕೈ ಬಡಿಯುತ್ತದೆ, ಮೈಕು ಕೇಳಿಸಿಕೊಳ್ಳುತ್ತದೆ,
ಬಲಿತದ್ದು ಬಲಕ್ಕೆ, ಎಳೆಯದು ಎಡಕ್ಕೆ.
ಮುಬೀನಾ ಮೂರು ಸಲ ಬಡಿಸುತ್ತಾಳೆ.
ಒಂದೇ ಸಾಕು, ಹೊತ್ತು ಉಳಿಯುತ್ತೆ ಅನ್ನುವ ಮಾತು
ನಾಲಿಗೆ ತುದಿಗೆ ಬಂತು, ಟೀ ಜೊತೆ ನುಂಗಿದೆ.
ಎರಡೂ ಕೈ ತೊಡೆಯ ಕೆಳಗಿಟ್ಟು ಕೂತೆ.
ನಿಜಕ್ಕೂ. ಗಂಗಾಂಬಿಕೆ ನೋಡಿ ನಕ್ಕಳು.
ಬ್ಯಾಟರಿ ಕೊಡುವ ಮುನ್ನ ಮಾತ್ರ ಕೇಳಿದೆ:
"ಪ್ಲಸ್ ಯಾವ್ದು, ತೋರ್ಸಿ."
ಮೂರು ಬೆರಳೂ ಒಂದೇ ಕಡೆ ಹೋದವು.

ಮತ್ತೆ ಹಾಸನ. ಅದೇ ತೀರ್ಪುಗಾರ್ತಿ, ಹಾಗೇ ಬಗ್ಗಿ,
"ಮೂರು ಸಲ ಯಾಕೆ?"
ಮುಬೀನಾ ನನ್ನ ಕಡೆ ತಿರುಗಲಿಲ್ಲ.
"ನಮ್ಮಪ್ಪ ಮಂಡೀಲಿ ಕಾಯಿ ಆರಿಸ್ತಾರೆ ಮೇಡಂ.
ಮೊದಲನೇ ಏಟಿಗೆ ನಮ್ಮ ಕೈ ಸದ್ದೇ ಕೇಳುತ್ತಂತೆ,
ಎರಡನೇದಕ್ಕೆ ಕಾಯಿ ಸದ್ದು.
ಮೂರನೇದು... ಎರಡನೇದನ್ನ ನಂಬಬೇಕಲ್ಲ, ಅದಕ್ಕೆ."
ಇದು ನನಗೂ ಗೊತ್ತಿರಲಿಲ್ಲ.

ಹನ್ನೆರಡನೇ ಕಾಯಿಗೆ ಮರದ ಕೈ ಕಳಚಿ ಬಿತ್ತು.
ನನ್ನ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು;
ಇಟ್ಟುಕೊಂಡೇ ಹೋಗಿದ್ದೆ, ಸುಳ್ಳೇಕೆ ಹೇಳಲಿ.
ಲೋಹಿತ್ ಕೈ ಚಾಚಿದ,
ತಿರುಗಿ ಕೂಡ ನೋಡದೆ.
ಕೊಟ್ಟೆ.