ಸೋಹಾರ್, ಮಕ್ಕಳ ವಾರ್ಡು

ಸೂಜಿಗೆ ಮೊದಲು ನರ್ಸ್ ಝುವೈನಾ
ಎಲ್ಲರಿಗೂ ಒಂದೊಂದು ಕೆಲಸ ಹಂಚಿದಳು.
ದಾಕ್ಷಾಯಣಿಗೆ ಮಡಿಲು: ಕೂಸನ್ನು ಎದೆಗಾನಿಸಿ ಕೂರು,
ಮಲಗಿಸಬೇಡ, ಮಲಗಿದ ಮಗುವಿಗೆ ಛಾವಣಿಯಷ್ಟೇ ಕಾಣುತ್ತದೆ.
ಏಳು ವರ್ಷದ ಪ್ರಭುಲಿಂಗನಿಗೆ
ಅಂಟುಪಟ್ಟಿಯ ಬಣ್ಣ ಆರಿಸುವ ಅಧಿಕಾರ.
ನನಗೆ ಸಾಬೂನುಗುಳ್ಳೆಯ ಡಬ್ಬಿ.

ಬಂದರಿನಲ್ಲಿ, ಗಾಜಿನ ಗೂಡಲ್ಲಿ ಕೂತು
ಎರಡು ಬೆರಳಲ್ಲಿ ನಲವತ್ತು ಟನ್ನು ಎತ್ತುವವನು ನಾನು.
ಈ ಪ್ಲಾಸ್ಟಿಕ್ ಉಂಗುರ ಮಾತ್ರ ಕೈಯಲ್ಲಿ ನಿಲ್ಲದು.
ಮೊದಲ ಉಸಿರಿಗೆ ಗುಳ್ಳೆ ಬರಲಿಲ್ಲ,
ನೊರೆ ಹಾರಿ ಬೂಟಿನ ಮೇಲೆ ಬಿತ್ತು.

"ನಾನು ಹೊರಗೆ ನಿಲ್ಲಲೇ?" ಎಂದೆ.
"ಲಾ, ಲಾ," ಕೊಳವೆಯ ಗಾಳಿ ತೆಗೆಯುತ್ತ ಅಂದಳು,
"ಅಪ್ಪ ಹೊರಗಿದ್ದರೆ ಮಗಳು ಬಾಗಿಲನ್ನೇ ನೋಡುತ್ತಾಳೆ."

ಫೋನಿನೊಳಗೆ ಕೊಪ್ಪಳದ ಚಿಕ್ಕವ್ವ:
"ಎಣಸು ಮೈನಾ, ನಾನೂ ಎಣಸ್ತೀನಿ."
ಒಂದು ಅಲ್ಲಿ, ಎರಡು ಇಲ್ಲಿ,
ನೆಟ್‌ವರ್ಕು ತೊದಲಿ ಮೂರು ತಡವಾಗಿ ಬಂತು.
ನಾಲ್ಕಕ್ಕೆ ಚುಚ್ಚಾಗಿತ್ತು.
ಅತ್ತಳು.
ಅಳಬೇಡ ಎಂದು ಯಾರೂ ಹೇಳಲಿಲ್ಲ.

ಆಗ ಬಂತು ಗುಳ್ಳೆ, ಒಂದೇ ಒಂದು,
ಸೊಟ್ಟ, ನೀರಿಗೆ ಬಿದ್ದ ಡೀಸೆಲಿನ ಬಣ್ಣದ್ದು.
ಎಸಿ ಗಾಳಿಗೆ ತೇಲಿ
ಝುವೈನಾಳ ಶಿರವಸ್ತ್ರದ ಅಂಚಿಗೆ ಕೂತು
ಒಡೆಯದೆ ಒಂದು ಗಳಿಗೆ ಇತ್ತು.
ಬಿಕ್ಕುತ್ತಲೇ ಮೈನಾ ಬೆರಳು ಚಾಚಿದಳು,
ಸೂಜಿಯಿದ್ದ ಕೈಯದೇ.

ಪ್ರಭುಲಿಂಗ ಬಹಳ ಹೊತ್ತು ಯೋಚಿಸಿ
ಹಸಿರು ಪಟ್ಟಿ ಎರಡು ತೆಗೆದ.
ಒಂದು ತಂಗಿಗೆ.
ಇನ್ನೊಂದನ್ನು ಏನೂ ಹೇಳದೆ
ನನ್ನ ಮುಂಗೈಗೆ ಅಂಟಿಸಿ, ಮೇಲೆ ಒತ್ತಿದ.
ರಾತ್ರಿಪಾಳಿಯಲ್ಲಿ ಲಿವರ್ ಹಿಡಿದಾಗ ನೋಡಿದೆ:
ಇನ್ನೂ ಇತ್ತು, ಒಂದು ಮೂಲೆ ಮಾತ್ರ ಎದ್ದು.