ಹದ್ದುಬಸ್ತು

ಬಾಳೆಲೆ ದಾಟಿ ಎಡಕ್ಕೆ, ಮೋರಿಯ ಹತ್ತಿರ ಜೀಪು ನಿಂತಿತು.
ಹೂಮಳೆ ಬಿದ್ದು ಒಂಬತ್ತನೆಯ ದಿನ.
ರೊಬಸ್ಟಾ ಬೆಳ್ಳಗೆ ಬಿರಿದು
ನನ್ನ ಫಾರಮ್ಮಿನ ಮೇಲೂ ಜೇನ್ನೊಣ.

ಫಾರಮ್ಮು ಸರಳ:
ದೇವರ ಹೆಸರು, ಸರ್ವೆ ನಂಬರು, ವಿಸ್ತೀರ್ಣ,
ಚಾವಣಿ ಹೆಂಚೋ ಶೀಟೋ ಕಾಂಕ್ರೀಟೋ,
ಹುಂಡಿ ಉಂಟೇ, ಅರ್ಚಕರು ಯಾರು.
ನಾನು ನಾಪೋಕ್ಲಿನ ಸೈನಬಾ, ಮೋಜಣಿಯವಳು.
ಈ ಬೇಸಿಗೆಯಲ್ಲಿ ಹದಿನಾರು ದೇವರಕಾಡು ಅಳೆದಿದ್ದೇನೆ,
ದೇವರನ್ನು ಒಮ್ಮೆಯೂ ಕೇಳಿಲ್ಲ.

ಮುಂದೆ ಕುಳಿಯ, ಎರವರ ಹಾಡಿಯವನು,
ದಾರಿ ಬಿಡಿಸಲು ದಿನಗೂಲಿ.
ಒಂದು ಕಡೆ ನಿಂತ.
ಕತ್ತಿಯನ್ನು ಕಾಫಿ ಬುಡದಲ್ಲಿ ಮಲಗಿಸಿದ.
ಚಪ್ಪಲಿ ಬಿಟ್ಟ.

ನನಗೇನೂ ಕಾಣಲಿಲ್ಲ. ಕಲ್ಲಿಲ್ಲ, ಬೇಲಿಯಿಲ್ಲ,
ಹಿಂದೆ ಕಾಫಿ, ಮುಂದೆಯೂ ಅದೇ ಕಾಫಿ,
ಸಿಲ್ವರ್ ಓಕಿಗೆ ಹಬ್ಬಿದ ಅದೇ ಮೆಣಸು.
ಎಮ್ಮೆಮಾಡಿನಲ್ಲಿ ಉಮ್ಮ ನನ್ನ ಚಪ್ಪಲಿ ಕಳಚಿಸುತ್ತಿದ್ದಳು;
ಅಲ್ಲಿ ಮೆಟ್ಟಿಲಿತ್ತು, ಬಾಗಿಲಿತ್ತು,
ಎಲ್ಲಿ ಬಿಡಬೇಕೆಂದು ಬೋರ್ಡೂ ಇತ್ತು.

"ಕಾಡು ಇನ್ನೂ ದೂರ ಅಲ್ವಾ?"
"ಮರ ದೂರ," ಅಂದ.

ಚಾವಣಿಯ ಮಾತು ಕೇಳಿದೆ.
ಯಾರೋ ಒಮ್ಮೆ ಶೀಟು ಹಾಕಿಸಿದರಂತೆ.
ಗಾಳಿ ಎತ್ತಿಕೊಂಡು ಹೋಯಿತಂತೆ, ಹೊಳೆಯಾಚೆಗೆ.
ಬೇಡವೆಂದರೆ ಬೇಡ, ಇನ್ನೊಮ್ಮೆ ಹಾಕಲಿಲ್ಲ.
ಬರೆದುಕೊಂಡೆ: ಇಲ್ಲ.

ಆಮೇಲೆ ನಾಯಿ ಸಿಕ್ಕಿತು.
ತರಗೆಲೆಯಡಿ, ಒಂದು ಕಿವಿ ಮುರಿದದ್ದು,
ಗೇಣುದ್ದದ ಸುಟ್ಟ ಮಣ್ಣಿನ ನಾಯಿ.
ಬೇಟೆ ಅಯ್ಯಪ್ಪನಿಗೆ ಯಾರೋ ಬಿಟ್ಟ ಹರಕೆ.
ಹತ್ತು ಹೆಜ್ಜೆಗೆ ಇನ್ನೊಂದು, ಸೊಂಟದವರೆಗೆ ಹೂತದ್ದು.
ಕಾಫಿ ಸಾಲಿನ ನಡುವೆ ಮತ್ತೊಂದು, ಮುಖವೇ ಇಲ್ಲದ್ದು.
ಬಿಟ್ಟದ್ದನ್ನು ಎತ್ತುವಂತಿಲ್ಲ.
ಗೊಬ್ಬರ ಹಾಕುವ ಹೆಂಗಸರು ಸುತ್ತ ಕಳೆ ಕಿತ್ತು
ಅವನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ.

ನಮ್ಮ ಮನೆಯೊಳಗೆ ನಾಯಿಗೆ ಜಾಗವಿಲ್ಲ.
ನೆಕ್ಕಿದರೆ ಏಳು ಸಲ ತೊಳೆ, ಒಮ್ಮೆ ಮಣ್ಣಲ್ಲಿ, ಅನ್ನುತ್ತಿದ್ದಳು ಉಮ್ಮ.
ಇದು ಪೂರ್ತಿ ಮಣ್ಣೇ.
ಬಗ್ಗಿ, ದುಪಟ್ಟಾದ ತುದಿಯಿಂದ
ಅದರ ಮೂತಿ ಒರೆಸಿದೆ.

ತೋಟದ ಪೆಮ್ಮಯ್ಯನವರು ಫ್ಲಾಸ್ಕಿನಲ್ಲಿ ಕಾಫಿ ತಂದರು.
ಒಳ್ಳೆಯ ಮನುಷ್ಯ, ಯಾವುದನ್ನೂ ಮುಚ್ಚಿಡಲಿಲ್ಲ.
"ಈ ಕಡೆಗೆ ಬೇಲಿ ಸರಿಸಿದವರು ನಮ್ಮ ಮುತ್ತಜ್ಜ.
ವರ್ಷವರ್ಷ ಅವರಿಗೇ ದೀಪ ಹಚ್ಚುತ್ತೇನೆ,
ಕೋಳಿ, ಕಳ್ಳು ಎಡೆ ಇಡುತ್ತೇನೆ.
ಗುರುಕಾರೋಣನ ಮೇಲೆ ದೂರು ಕೊಡುವುದು ಹೇಗೆ, ಹೇಳಿ?"
ನನ್ನ ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಕಾಫಿ ಚೆನ್ನಾಗಿತ್ತು.

ಹಳೆಯ ದಾಖಲೆಯಲ್ಲಿ ನಲವತ್ತೆರಡು ಎಕರೆ.
ಈಗ ನಿಂತ ಮರಗಳ ನೆರಳು ಆರೂವರೆ.
ಆದರೆ ನಾನು, ಯಾರೂ ಹೇಳದ ಕೆಲಸ,
ನಾಯಿ ಸಿಕ್ಕಲ್ಲೆಲ್ಲ ಒಂದು ಪಾಯಿಂಟು ಹಾಕುತ್ತ ಬಂದೆ.
ಹನ್ನೊಂದು. ಹದಿಮೂರು.
ಗೆರೆ ತೋಟದ ಕಣವನ್ನು ಹಾಯಿತು, ನೀರಿನ ಟ್ಯಾಂಕನ್ನು ಹಾಯಿತು,
ಕುಳಿಯ ಕತ್ತಿ ಮಲಗಿಸಿದ ಜಾಗವನ್ನೂ ದಾಟಿ
ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯಿತು.
ಅವನ ಹೆಜ್ಜೆ ನಿಧಾನವಾಯಿತು.
"ಅಜ್ಜ ಇಲ್ಲಿಗೇ ಅಂತ ತೋರಿಸಿದ್ದು," ಅಂದ,
ತಪ್ಪು ತನ್ನದೇ ಎಂಬಂತೆ.
ಅಜ್ಜನಿಗೂ ಯಾರೋ ಎಲ್ಲೋ ಅಷ್ಟೇ ತೋರಿಸಿದ್ದಿರಬೇಕು.

ಹದಿನೇಳನೆಯದು ಮೋರಿಯ ಪಕ್ಕ,
ಜೀಪಿನ ಹಿಂದಿನ ಗಾಲಿಗೆ ಒಂದು ಮೊಳ ಈಚೆ.
ಬಾಲ ಮಾತ್ರ ಮಣ್ಣಿನ ಮೇಲಿತ್ತು.

ಜೀಪಿನೊಳಗೆ ಫೆಲಿಕ್ಸ್, ಕನ್ನಡಿಗೆ ನೇತುಬಿಟ್ಟ ಜಪಮಣಿ,
ಹಾಡು ಹಾಕಿಕೊಂಡು ಕಿತ್ತಲೆ ಸುಲಿಯುತ್ತಿದ್ದ.
"ಮುಗೀತಾ ಮೇಡಂ?"

ಕುಳಿಯ ಕೈಯಲ್ಲಿ ಹಿಡಿದು ತಂದ ಚಪ್ಪಲಿಯನ್ನು ನೋಡಿದ.
ನಾನು ಬೆಳಗಿನಿಂದ ಹಾಕಿಕೊಂಡೇ ಇದ್ದ ಬೂಟನ್ನು.
ಲೇಸು ನೆನೆದು ಗಂಟು ಬಿಗಿದಿತ್ತು,
ಬಿಚ್ಚಲು ಹೊತ್ತು ಹಿಡಿಯಿತು.